ತೊಟ್ಟಿಯಲ್ಲಿ ನಿಂತ ಮಾತು

ಆಫೀಸಿನಲ್ಲಿ ಅವನಿಗೆ ತೊಟ್ಟಿ ಎಂಬ ಹೆಸರು ಬಿದ್ದಿತ್ತು. ನೀರಿನ ತೊಟ್ಟಿಯೋ ಕಸದ ತೊಟ್ಟಿಯೋ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಹೊಗಳಿಕೆ ಎಂದೇ ನಂಬಿಕೊಂಡು, ಯಾರಾದರೂ ಆ ಹೆಸರಿನಿಂದ ಕರೆದರೆ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ ಗಂಭೀರವಾಗಿ ತಿರುಗುತ್ತಿದ್ದ. ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದು ಅವನ ಕಸುಬು. ಅದರಲ್ಲೂ ಬಫರ್ ಎಂದರೆ ಪ್ರಾಣ. ಒಂದು ಕಡೆಯಿಂದ ಮಾಹಿತಿ ಬಂದು ಬೀಳುತ್ತದೆ, ಇನ್ನೊಂದು ಕಡೆ ಅದನ್ನು ಎತ್ತಿಕೊಳ್ಳುವವರು ತಮ್ಮದೇ ಗತಿಯಲ್ಲಿ ಎತ್ತಿಕೊಳ್ಳುತ್ತಾರೆ. ಇಬ್ಬರ ಓಟವೂ ಒಂದೇ ಸಮ ಇರುವುದಿಲ್ಲವಾದ್ದರಿಂದ ನಡುವೆ ತುಸು ಹೊತ್ತು ತುಂಬಿಟ್ಟುಕೊಳ್ಳಲು ಒಂದು ಜಾಗ ಬೇಕು. ಆ ಜಾಗವೇ ಬಫರ್, ಅಂದರೆ ಮಾಹಿತಿಯ ತೊಟ್ಟಿ. ಪ್ರಪಂಚದಲ್ಲಿ ಎಲ್ಲರೂ ಅದನ್ನು ದಾರಿಯ ನಡುವಿನ ತಂಗುದಾಣ ಎಂದುಕೊಂಡರೆ ಅವನು ಅದನ್ನೇ ಊರು ಎಂದುಕೊಂಡ.

ಮಾತಾಡುವಾಗ ಪ್ರತಿ ವಾಕ್ಯದ ಕೊನೆಗೂ "ಗೊತ್ತಾಯ್ತಾ?" ಎನ್ನುವುದು ಅವನ ಚಾಳಿ. "ಇವತ್ತು ಬಿಸಿಲು ಜಾಸ್ತಿ, ಗೊತ್ತಾಯ್ತಾ? ಬಾಗಿಲು ಹಾಕ್ಕೊಂಡು ಬನ್ನಿ, ಗೊತ್ತಾಯ್ತಾ?" ಬಿಸಿಲಿನಲ್ಲಿ ಗೊತ್ತಾಗದೆ ಇರುವಂಥದ್ದು ಏನಿದೆ ಎಂದು ಎದುರಿನವರು ತಬ್ಬಿಬ್ಬಾಗುತ್ತಿದ್ದರು. ಉತ್ತರಕ್ಕಾಗಿ ಅವನೇನೂ ಕಾಯುತ್ತಿರಲಿಲ್ಲ. ಎದುರಿಗಿರುವವರ ತಲೆಗೆ ಏನೂ ಸುಲಭವಾಗಿ ಹೋಗುವುದಿಲ್ಲ ಎಂಬುದನ್ನು ಅವನು ಎಳೆಯ ವಯಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಗ್ರಂಥಾಲಯಕ್ಕೆ ಪ್ರೋಗ್ರಾಮ್ ಬರೆದಿದ್ದ. ಪುಸ್ತಕದ ಹೆಸರು ಹಿಡಿಸಲು ಒಂದು ಬಫರ್, ಅದರ ಪಕ್ಕಕ್ಕೇ ಅಂಟಿಕೊಂಡಂತೆ ಕಪಾಟಿನ ಸಂಖ್ಯೆ ಇಡಲು ಇನ್ನೊಂದು ಜಾಗ. ಹೆಸರು ಉದ್ದವಾದರೆ ಏನು ಗತಿ ಎಂದು ನೋಡುವ ಒಂದೇ ಒಂದು ಸಾಲನ್ನು ಬರೆಯಲಿಲ್ಲ. ಉದ್ದ ಹೆಸರಿನ ಪುಸ್ತಕ ಬಂದ ದಿನ ಹೆಸರಿನ ಬಾಲ ಪಕ್ಕದ ಜಾಗಕ್ಕೆ ಚೆಲ್ಲಿ ಕಪಾಟಿನ ಸಂಖ್ಯೆಯನ್ನೇ ಅಳಿಸಿಹಾಕಿತು. ಹೂಗಿಡ ಬೆಳೆಸುವ ಪುಸ್ತಕ ಅಪರಾಧ ಕಾನೂನಿನ ಕಪಾಟಿಗೆ ಹೋಯಿತು. ಹೂವಿನ ಪುಸ್ತಕ ಕೇಳಿಕೊಂಡು ಬಂದ ಹೆಂಗಸಿಗೆ ಕೊಲೆಯ ವಿಚಾರಣೆಗಳ ಸಂಪುಟ ಸಿಕ್ಕಿತು. ಗ್ರಂಥಪಾಲಕರು ಅವನನ್ನು ಕರೆಸಿ ಕೇಳಿದರು. ಅವನು ಒಂದಿಷ್ಟೂ ಕಂಗೆಡದೆ, "ಪುಸ್ತಕಕ್ಕೆ ಅಷ್ಟುದ್ದ ಹೆಸರು ಯಾರು ಇಡ್ತಾರೆ ಹೇಳಿ? ಬರೆದೋನಿಗೆ ಶಿಸ್ತಿಲ್ಲ, ಗೊತ್ತಾಯ್ತಾ?" ಎಂದು ಲೇಖಕನ ಮೇಲೆ ಹಾಕಿ ಬಂದ.

ಆದರೂ ಅವಮಾನ ಒಳಗೆ ನಾಟಿತ್ತು. ಅಂದಿನಿಂದ ಅವನು ಕಟ್ಟಿದ ತೊಟ್ಟಿಗಳೆಲ್ಲ ಆನೆ ಇಳಿದು ಮೀಯುವಷ್ಟು ದೊಡ್ಡವು. ಒಂದು ಅಕ್ಷರವೂ ಚೆಲ್ಲಬಾರದು, ಒಂದು ಅಕ್ಷರವೂ ಕಳೆಯಬಾರದು. ಬಂದದ್ದನ್ನೆಲ್ಲ ಹಿಡಿದಿಡು, ಪೂರ್ತಿಯಾದ ಮೇಲೆ ಮಾತ್ರ ಹೊರಗೆ ಬಿಡು. ಅದು ಎಷ್ಟು ಹೊತ್ತಿಗೆ ಹೊರಗೆ ಬರುತ್ತದೆ ಎಂದು ಕೇಳಿದರೆ ಅವನಿಗೆ ಮೈಯೆಲ್ಲ ಉರಿ. ರಸ್ತೆ ಬದಿಯ ಅಂಚೆ ಡಬ್ಬಿಯಿಂದ ಪತ್ರ ತೆಗೆಯುವವನು ಒಂದೊಂದು ಪತ್ರ ಬಿದ್ದಾಗಲೂ ಓಡಿಬರುವುದಿಲ್ಲ, ಒಟ್ಟಿಗೆ ತೆಗೆಯುತ್ತಾನೆ. ಅದು ಜಾಣತನ. ಡಬ್ಬಿ ಕಂಠಮಟ್ಟ ತುಂಬುವವರೆಗೂ ನಾನು ಬರುವುದೇ ಇಲ್ಲ ಎಂದು ಒಬ್ಬ ಹಟ ಹಿಡಿದರೆ? ಆ ಬೀದಿಯವರ ಪತ್ರಗಳೆಲ್ಲ ಭದ್ರವಾಗಿರುತ್ತವೆ, ಒಂದೂ ಕಳೆಯುವುದಿಲ್ಲ. ಮದುವೆಯ ಕರೆ ಮಾತ್ರ ಕೂಸು ಹುಟ್ಟಿದ ಮೇಲೆ ಮುಟ್ಟುತ್ತದೆ. ಅವನು ಅಂಥ ಅಂಚೆಯವನು.

ಇಂಥವನ ಕೈಗೆ ಕಿವಿ ಕೇಳಿಸದವರಿಗಾಗಿ ಮಾಡುವ ಒಂದು ಯಂತ್ರ ಬಂದು ಸೇರಿತು. ಎದುರಿಗಿದ್ದವರು ಆಡಿದ ಮಾತು ಒಂದು ಪುಟ್ಟ ಪರದೆಯ ಮೇಲೆ ಅಕ್ಷರವಾಗಿ ಮೂಡಬೇಕು, ಅಷ್ಟೇ. ಅವನ ಅಕ್ಕನಿಗೆ ಜ್ವರ ಬಂದು ಕಿವಿ ಹೋಗಿ ಬಹಳ ವರ್ಷವಾಗಿತ್ತು. ಅಕ್ಕನ ಮೇಲಿನ ಪ್ರೀತಿಯಿಂದ ಇದನ್ನು ಕೈಗೆತ್ತಿಕೊಂಡೆ ಎಂದು ನೆಂಟರ ಮುಂದೆ ಹೇಳಿಕೊಂಡು ತಿರುಗಿದ. ನಿಜವಾಗಿ ಮೇಲಿನವರು ಆ ಕೆಲಸವನ್ನು ಅವನಿಗೆ ಹಂಚಿದ್ದರು, ಅವನು ಎರಡು ಸಲ ಬೇಡ ಎಂದಿದ್ದ.

ಯಂತ್ರದೊಳಗೂ ತನ್ನದೇ ನಿಯಮ ಇಟ್ಟ. ಮಾತು ತೊಟ್ಟಿಯಲ್ಲಿ ತುಂಬುತ್ತಾ ಹೋಗಬೇಕು. ಒಂದು ವಾಕ್ಯ ಮುಗಿಯಿತು ಎಂದು ಖಾತ್ರಿಯಾದ ಮೇಲೆಯೇ ಅದು ಪರದೆಗೆ ಹೋಗಬೇಕು. ಮುಗಿಯಿತೆಂದು ಖಾತ್ರಿಯಾಗುವುದು ಹೇಗೆ? ಮುಂದಿನ ವಾಕ್ಯ ಶುರುವಾದರೆ ಹಿಂದಿನದು ಮುಗಿದಂತೆ. ಅಂದರೆ ಪ್ರತಿ ವಾಕ್ಯವೂ ತನ್ನ ಬೆನ್ನಿಗೆ ಇನ್ನೊಂದು ಬಂದು ತಳ್ಳುವವರೆಗೂ ಒಳಗೇ ಕೂತಿರುತ್ತದೆ. ಪಕ್ಕದ ಮೇಜಿನಲ್ಲಿ ಕೂರುವ ಹುಡುಗಿ ಅದನ್ನು ಓದಿ ನೋಡಿದವಳೇ ಹುಬ್ಬೇರಿಸಿದಳು.

"ಸರ್, ಕೊನೇ ವಾಕ್ಯದ ಗತಿ ಏನು? ಅದನ್ನ ತಳ್ಳೋರು ಯಾರೂ ಇರಲ್ವಲ್ಲ."

"ಮುಂದೆ ಯಾರಾದ್ರೂ ಮಾತಾಡೇ ಆಡ್ತಾರೆ. ಜನ ಸುಮ್ಮನಿರೋದನ್ನ ಎಲ್ಲಾದ್ರೂ ನೋಡಿದೀಯಾ, ಗೊತ್ತಾಯ್ತಾ?"

"ಒಂದು ಕ್ಷಣ ಮಾತು ನಿಂತ್ರೆ ಸಾಕು, ಇದ್ದಷ್ಟನ್ನ ಹೊರಗೆ ಬಿಡು ಅಂತ ಒಂದು ಸಾಲು ಸೇರಿಸಿಬಿಡಿ ಸರ್. ಅಷ್ಟೇ ಕೆಲಸ."

"ಅರ್ಧ ವಾಕ್ಯ ಹೊರಗೆ ಬಂದ್ರೆ? ಉಸಿರು ತಗೊಳ್ಳೋಕೆ ನಿಂತೋನ ಮಾತನ್ನ ಕತ್ತರಿಸಿ ತೋರಿಸೋದಾ? ನನ್ನ ಕೆಲಸದಲ್ಲಿ ಚೂರುಪಾರು ನಡೆಯಲ್ಲ, ಗೊತ್ತಾಯ್ತಾ?"

"ಗೊತ್ತಾಯ್ತು ಸರ್," ಎಂದಳು ಅವಳು, "ಚೆನ್ನಾಗೇ ಗೊತ್ತಾಯ್ತು." ಅಷ್ಟು ಹೇಳಿ ತನ್ನ ಕುರ್ಚಿಯನ್ನು ಎಳೆದುಕೊಂಡು ಹೋದಳು.

ಪರೀಕ್ಷೆಗೆ ಕೂತವನು ಅವನೇ. ಬೇರೆಯವರನ್ನು ಕೂರಿಸಿದರೆ ಉಚ್ಚಾರ ಸರಿಯಿರುವುದಿಲ್ಲ ಎಂಬ ಬಿಗುಮಾನ. ಇಡೀ ಮಧ್ಯಾಹ್ನ ಮೈಕಿನ ಮುಂದೆ ಮಾತಾಡಿದ, ಪ್ರತಿ ಮಾತೂ ಬಾಯಿಂದ ಬಿದ್ದ ತಕ್ಷಣ ಪರದೆಯ ಮೇಲೆ ಸ್ವಚ್ಛವಾಗಿ ಮೂಡಿತು. ಮೂಡದೆ ಏನು? ಹೇಳಿದ ಪ್ರತಿ ವಾಕ್ಯದ ಬೆನ್ನಿಗೂ ಒಂದು "ಗೊತ್ತಾಯ್ತಾ?" ಬಂದು ಹಿಂದಿನದನ್ನು ಒದ್ದು ಹೊರಗೆ ಹಾಕುತ್ತಿತ್ತು. ಪರದೆಯ ತುಂಬ ಅದೇ ಪದ ಮತ್ತೆ ಮತ್ತೆ ಕಂಡಾಗ ಅವನಿಗೇ ಇರಿಸುಮುರಿಸಾಯಿತು. ಆ ಪದ ಬಂದರೆ ತೊಟ್ಟಿಗೆ ಸೇರಲಿ, ಪರದೆಗೆ ಮಾತ್ರ ಬರುವುದು ಬೇಡ ಎಂದು ಒಂದು ಸೂಚನೆ ಬರೆದು ತನ್ನ ಚಾಳಿಯ ಗುರುತನ್ನು ಅಳಿಸಿದ. ಆಮೇಲೆ ಎಲ್ಲವೂ ಕನ್ನಡಿಯ ಹಾಗೆ. ತನ್ನ ಬಾಯಿಯ ಅಳತೆಗೆ ಹೊಲಿದ ಅಂಗಿಯನ್ನು ಊರಿಗೆಲ್ಲ ತೊಡಿಸಲು ಹೊರಟಿದ್ದೇನೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾದರೆ ಬೇರೆಯವರ ಮಾತಿಗೆ ಕಿವಿ ಕೊಡುವ ಅಭ್ಯಾಸವಿರಬೇಕು.

ಅಕ್ಕ ಒಂದು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಅಲ್ಲಿ ಎಲ್ಲರಿಗೂ ಅವಳು ಮಾಸ್ಟರಮ್ಮ. ಪದರ ಪದರವಾಗಿ ಹಾಸಿದ ಬಟ್ಟೆಯ ಮೇಲೆ ಸೀಮೆಸುಣ್ಣದ ಬಿಲ್ಲೆಯಿಂದ ಗೆರೆ ಎಳೆದು, ಕರೆಂಟ್ ಕತ್ತರಿಯನ್ನು ಆ ಗೆರೆಯ ಮೇಲೆ ನಡೆಸುವುದು ಅವಳ ಕೆಲಸ. ತೋಳಿನ ಬಾಗು, ಕತ್ತಿನ ಇಳಿಜಾರು ಎಲ್ಲ ಅವಳ ಮಣಿಕಟ್ಟಿನಲ್ಲಿದ್ದವು. ಬಟ್ಟೆಯನ್ನು ಅಂಗೈಯಿಂದ ಸವರಿ ಅದು ಯಾವ ಕಡೆ ಎಳೆಯುತ್ತದೆ ಎಂದು ತಿಳಿಯುವಾಗ ಅವಳ ಮುಖದಲ್ಲಿ, ಮಲಗಿದ ಕೂಸಿನ ಹಣೆ ಮುಟ್ಟಿ ನೋಡುವವರ ಎಚ್ಚರ ಕಾಣುತ್ತಿತ್ತು. ಕಿವಿ ಹೋದ ಮೇಲೂ ಆ ಟೇಬಲ್ ಅವಳದೇ ಆಗಿತ್ತು. ಹಳೆಯ ಯಜಮಾನರು, ಅವಳು ತಾನಾಗಿ ಬಿಡುವವರೆಗೆ ಅಲ್ಲಿಂದ ಯಾರೂ ಎಬ್ಬಿಸಬಾರದು ಎಂದು ಮಗನಿಗೆ ಹೇಳಿ ಕಣ್ಣು ಮುಚ್ಚಿದ್ದರು.

ಮಗ ಕೆಟ್ಟವನಲ್ಲ, ಅಂಜುಬುರುಕ. ಕರೆಂಟ್ ಕತ್ತರಿ ಓಡುತ್ತಿರುವಾಗ ಹಿಂದಿನಿಂದ ಯಾರಾದರೂ ಕೂಗಿದರೆ ಇವಳಿಗೆ ಕೇಳಿಸುವುದಿಲ್ಲ, ಒಂದು ದಿನ ಬೆರಳು ಹೋದರೆ ತನ್ನ ತಲೆಗೆ ಬರುತ್ತದೆ ಎಂಬ ಭಯ ಅವನಿಗೆ. ಅವಳು ಗುಂಡಿ ಹೊಲಿಯುವ ಮೂಲೆಗೆ ಹೋಗಿ ಕೂತರೆ ಅವನಿಗೆ ನೆಮ್ಮದಿ. ಅಪ್ಪನ ಮಾತಿನಿಂದಾಗಿ ಎಬ್ಬಿಸುವ ಹಾಗಿಲ್ಲ, ಅವಳೇ ಹೂಂ ಅನ್ನಬೇಕು. ಎಲ್ಲರ ಎದುರಿಗೆ ಕೂತು ಮಾತಾಡೋಣ ಎಂದು ಅವಳಿಗೆ ಬರೆದು ತೋರಿಸಿದ. ಇಡೀ ಕಾರ್ಖಾನೆಯ ಎದುರು ತನ್ನ ಟೇಬಲಿಗಾಗಿ ವಾದಿಸಬೇಕಾದಾಗ ಒಬ್ಬೊಬ್ಬರ ಬಾಯನ್ನೂ ನೋಡುತ್ತಾ ಅರ್ಧಂಬರ್ಧ ಊಹಿಸುತ್ತಾ ಕೂರುವುದು ಅವಳಿಗೆ ಬೇಕಿರಲಿಲ್ಲ. ತಮ್ಮನನ್ನು ಮನೆಗೆ ಕರೆಸಿದಳು.

ಸಂಜೆ ಅವನು ಯಂತ್ರ ಹಿಡಿದು ಬಂದ. ಅಡುಗೆಮನೆಯ ಮೇಜಿನ ಮೇಲೆ ಅದನ್ನಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಾತು ಶುರು ಮಾಡಿದವನ ಗಲ್ಲವನ್ನು ಅವಳು ಅಭ್ಯಾಸದಂತೆ ಹಿಡಿದು ತನ್ನ ಕಡೆ ತಿರುಗಿಸಿದಳು.

"ಇತ್ತ ನೋಡಿ ಮಾತಾಡೋ. ನಿನ್ನ ಬೆನ್ನಿಗೆ ಬಾಯಿದೆಯಾ?"

"ಇನ್ಮೇಲೆ ನನ್ನ ಮುಖ ನೋಡೋದೇ ಬೇಕಿಲ್ಲಕ್ಕ, ಪರದೆ ನೋಡಿದ್ರೆ ಸಾಕು, ಗೊತ್ತಾಯ್ತಾ?"

ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಆ ವಾಕ್ಯ ಮೂಡಿತು. ಅಕ್ಕನ ಕೈ ಅವನ ಗಲ್ಲದಿಂದ ಜಾರಿತು. ಇನ್ನೇನಾದರೂ ಹೇಳು ಎಂದಳು. ಅವನು ಹೇಳುತ್ತಾ ಹೋದ, ಅದು ತೋರಿಸುತ್ತಾ ಹೋಯಿತು. ಎಷ್ಟೋ ವರ್ಷಗಳ ಮೇಲೆ ತಮ್ಮನ ಮಾತನ್ನು ಊಹೆಯಿಲ್ಲದೆ ಇಡಿಯಾಗಿ ಓದಿ ಅವಳ ಕಣ್ಣು ತುಂಬಿತು. ಅವನು ಆಡುತ್ತಿದ್ದುದು ಬರೀ ತನ್ನದೇ ಹೊಗಳಿಕೆಯಾದರೂ.

"ನಾಳೆ ನೀನೂ ಬಂದು ಪಕ್ಕದಲ್ಲಿ ಕೂತ್ಕೋ," ಎಂದಳು. "ಈ ಟೇಬಲ್ ಒಂದು ಹೋದ್ರೆ ನಾನು ಕೈ ಕಟ್ಕೊಂಡು ಕೂತ ಹಾಗೆ. ಏನಾದ್ರೂ ಎಡವಟ್ಟಾದ್ರೆ ನೀನು ಬಾಯಿ ಬಿಟ್ಟು ಹೇಳ್ಬೇಕು."

"ಎಡವಟ್ಟಾ? ನಾನು ಮಾಡಿರೋದ್ರಲ್ಲಿ ಎಡವಟ್ಟೇ ಆಗಲ್ಲ, ಗೊತ್ತಾಯ್ತಾ?" ಎಂದು ಅವನು ನಕ್ಕ.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಹೊಲಿಗೆ ಮಿಷಿನ್ನುಗಳೆಲ್ಲ ನಿಂತವು. ಹೆಂಗಸರು ಸ್ಟೂಲುಗಳನ್ನು ಎಳೆದುಕೊಂಡು ಕಟಿಂಗ್ ಟೇಬಲಿನ ಸುತ್ತ ಕೂತರು. ಟೇಬಲಿನ ನಡುವೆ ಪರದೆ, ಅದರ ಮುಂದೆ ಮೈಕು. ಒಂದು ಕಡೆ ಯಜಮಾನ, ಎದುರಿಗೆ ಅಕ್ಕ, ಪಕ್ಕದಲ್ಲಿ ತಮ್ಮ. ಅವನು ಎದ್ದು ನಿಂತು ಯಂತ್ರದ ಮಹಿಮೆಯನ್ನು ಕೊಂಡಾಡಿದ. ಮಾತು ಮಾತಿಗೂ ಗೊತ್ತಾಯ್ತಾ, ಮಾತು ಮಾತಿಗೂ ಪರದೆಯ ಮೇಲೆ ಅಕ್ಷರ. ಹೆಂಗಸರು ಬಾಯಿ ಬಿಟ್ಟುಕೊಂಡು ನೋಡಿದರು. ಅವನು ಕೂತ.

ಯಜಮಾನ ಗಂಟಲು ಸರಿಮಾಡಿಕೊಂಡ. ಕಷ್ಟದ ಮಾತಿಗೆ ಮೊದಲು ಸ್ವಲ್ಪ ಉಪಚಾರ ಇರಲಿ ಎಂದುಕೊಂಡು, "ಮಾಸ್ಟರಮ್ಮ, ನಿಮಗೆ ಕಾಫಿ ತರಿಸ್ಲಾ?" ಎಂದ.

ಪರದೆ ಅಲ್ಲಾಡಲಿಲ್ಲ. ಆ ಮಾತನ್ನು ತಳ್ಳಲು ಹಿಂದೆ ಏನೂ ಬಂದಿರಲಿಲ್ಲ. ಅಕ್ಕ ಪರದೆಯನ್ನೇ ನೋಡುತ್ತಾ ಕೂತಿದ್ದಳು. ಬೇಡವೇನೋ ಎಂದುಕೊಂಡ ಯಜಮಾನ ಧೈರ್ಯ ಮಾಡಿ ನೇರವಾಗಿ ಕೇಳಿಬಿಟ್ಟ: "ಈ ಟೇಬಲ್ ಬಿಟ್ಟು ಗುಂಡಿ ಹೊಲಿಯೋ ಕಡೆಗೆ ಬರ್ತೀರಾ?"

ಆಗ ಪರದೆಯ ಮೇಲೆ ಕಾಫಿ ಬಂತು. ಅಕ್ಕ ಓದಿದಳು, ಮುಖ ಅರಳಿತು. ಪರದೆ ಬಿಟ್ಟು ಯಜಮಾನನ ಕಣ್ಣನ್ನೇ ನೋಡುತ್ತಾ, "ಅಯ್ಯೋ, ಅದನ್ನೂ ಕೇಳ್ಬೇಕಾ, ಬೆಳಿಗ್ಗೆಯಿಂದ ಅದಕ್ಕೇ ಕಾಯ್ತಾ ಇದೀನಿ!" ಎಂದಳು.

ಹೆಂಗಸರ ನಡುವೆ ಯಾರೋ ಉಸಿರೆಳೆದುಕೊಂಡರು. ಅವಳ ದನಿ ತಳ್ಳಿದ್ದರಿಂದ ಟೇಬಲಿನ ಪ್ರಶ್ನೆ ಪರದೆಗೆ ಬಂದಿತ್ತು, ಅವಳ ಕಣ್ಣು ಅಲ್ಲಿರಲಿಲ್ಲ. ಪರದೆಯಲ್ಲಿ ಒಂದು ಸಲಕ್ಕೆ ಒಂದೇ ವಾಕ್ಯ ನಿಲ್ಲುತ್ತಿತ್ತು. ಯಜಮಾನ ಬೆರಗಾಗಿ, "ನಿಜವಾಗ್ಲೂ ಒಪ್ಪಿಗೇನಾ?" ಎಂದದ್ದೇ ತಡ, ಟೇಬಲಿನ ಪ್ರಶ್ನೆ ಅಳಿಸಿಹೋಗಿ ಅವಳದೇ ಮಾತು ಬಂದು ಕೂತಿತು. ಅಕ್ಕ ಪರದೆಯ ಕಡೆ ತಿರುಗಿ ನೋಡಿ ನಕ್ಕಳು.

"ನೋಡ್ರೇ, ನಾನಂದಿದ್ದನ್ನ ನನಗೇ ತೋರಿಸ್ತಾ ಇದೆ!"

ಈಗ "ನಿಜವಾಗ್ಲೂ ಒಪ್ಪಿಗೇನಾ?" ಮೂಡಿತು. ಒಂದು ಲೋಟ ಕಾಫಿಗೆ ಇಷ್ಟೊಂದು ಬಲವಂತವೇ ಎಂದುಕೊಂಡ ಅವಳು, "ಒಪ್ಪಿಗೆ ಕಣಪ್ಪ, ಒಪ್ಪಿಗೆ. ಸಕ್ಕರೆ ಮಾತ್ರ ಕಡಿಮೆ ಇರ್ಲಿ," ಎಂದಳು.

"ಸಕ್ಕರೆ?" ಎಂದು ಮುಂದಿನ ಸಾಲಿನ ಹೆಂಗಸು ಪಕ್ಕದವಳ ಮುಖ ನೋಡಿದಳು. ಯಜಮಾನನಿಗೂ ಎಲ್ಲೋ ಎಳೆ ತಪ್ಪಿದೆ ಅನ್ನಿಸಿತು. ಬೇಕಾದ ಉತ್ತರವೇ ಸಿಕ್ಕಿದ್ದರೂ ಅವನು ಅದನ್ನು ಬಾಚಿಕೊಂಡು ಏಳಲಿಲ್ಲ. ತಮ್ಮನ ಕಡೆ ತಿರುಗಿ ಕೇಳಿದ: "ಸರ್, ನಾನು ಕೇಳಿದ್ದು ಅವರಿಗೆ ಸರಿಯಾಗಿ ಮುಟ್ಟಿದೆಯಾ, ಇಲ್ಲ ನಿಮ್ಮ ಯಂತ್ರ ಎಡವಿತಾ?"

ತಮ್ಮನಿಗೆ ಅಷ್ಟು ಹೊತ್ತಿಗೆ ಎಲ್ಲವೂ ತಿಳಿದಿತ್ತು. ಕಾಫಿಯ ಪ್ರಶ್ನೆ ಒಂದು ಹೆಜ್ಜೆ ಹಿಂದೆ ಬಂದಾಗಲೇ ಪಕ್ಕದ ಮೇಜಿನ ಹುಡುಗಿ ಹೇಳಿದ ಆ ಒಂದು ಸಾಲು ಕಣ್ಣ ಮುಂದೆ ಬಂದಿತ್ತು. ಹೌದು, ತಪ್ಪು ನನ್ನದು, ಅಕ್ಕ ಓದಿದ್ದು ಹಿಂದಿನ ಪ್ರಶ್ನೆ ಎಂದರೆ ಮುಗಿಯುತ್ತಿತ್ತು. ಮಕ್ಕಳೂ ಹೇಳಬಲ್ಲ ಮಾತು. ಆದರೆ ಸುತ್ತ ಅಷ್ಟು ಜನ ಕೂತಿದ್ದರು. ಈಗ ತಾನೇ ಎದ್ದು ನಿಂತು ಅಷ್ಟೆಲ್ಲ ಕೊಂಡಾಡಿ ಕೂತಿದ್ದ. ಅವನು ತೂಗಿ ನೋಡಿದ. ಒಂದು ಕಡೆ ಅಕ್ಕನ ಟೇಬಲು, ಇನ್ನೊಂದು ಕಡೆ ತನ್ನ ಮುಖ. ಮುಖವೇ ಭಾರವಾಯಿತು.

"ಯಂತ್ರದಲ್ಲಿ ಏನೂ ತಪ್ಪಿಲ್ಲ, ಅಕ್ಕ ಗೊತ್ತಿದ್ದೇ ಒಪ್ಪಿರೋದು," ಎಂದ.

ಜೀವಮಾನದಲ್ಲಿ ಮೊದಲ ಸಲ ಅವನು ಮಾತು ಮುಗಿಸುವಾಗ ಗೊತ್ತಾಯ್ತಾ ಎನ್ನಲಿಲ್ಲ. ಆ ಮಾತು ಯಾರಿಗೂ ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ.

ಪರದೆಯ ಮೇಲೆ, ಯಂತ್ರ ಎಡವಿತಾ ಎಂಬ ಯಜಮಾನನ ಪ್ರಶ್ನೆ ಬಂದು ನಿಂತಿತು. ಅಕ್ಕ ಓದಿದಳು. ಏನೋ ಎಡವಟ್ಟಾಗಿದೆ ಎಂದು ಅವಳಿಗೆ ಆಗ ಹೊಳೆಯಿತು. ತಮ್ಮನ ಕಡೆ ನೋಡಿದಳು. ಅವನ ಉತ್ತರಕ್ಕಾಗಿ ಮತ್ತೆ ಪರದೆಯ ಕಡೆ ನೋಡಿದಳು. ಉತ್ತರ ಒಳಗೆ ಕೂತಿತ್ತು.

ಅದು ಅಲ್ಲಿದೆ ಎಂದು ಬಲ್ಲವನು ಆ ಕೋಣೆಯಲ್ಲಿ ಅವನೊಬ್ಬನೇ. ಒಂದಕ್ಷರವೂ ಕಳೆಯದೆ ಭದ್ರವಾಗಿದೆ. ಇನ್ನು ಯಾರು ಏನೇ ಆಡಲಿ, ಬೇಕಾದರೆ ಬರೀ ಹೂಂ ಅನ್ನಲಿ, ಆ ಮಾತು ಹೊರಗೆ ಬಂದು ಅಕ್ಕನ ಎದುರಿಗೆ ನಿಲ್ಲುತ್ತದೆ. ಬಂದದ್ದನ್ನು ಚೆಲ್ಲಲು ಅವನ ತೊಟ್ಟಿಗೆ ದಾರಿಯೇ ಇರಲಿಲ್ಲ, ಅಂಥ ದಾರಿಯನ್ನು ಅವನೇ ಹುಡುಕಿ ಹುಡುಕಿ ಮುಚ್ಚಿದ್ದ. ಯಜಮಾನ ಏನೋ ಹೇಳಲು ಬಾಯಿ ತೆರೆದ. ಅವನು ಗಾಬರಿಯಿಂದ ಕೈ ಎತ್ತಿ ಬೇಡ ಬೇಡ ಎಂದು ಅಲ್ಲಾಡಿಸಿದ. ಹೆಂಗಸರ ಕಡೆಗೂ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಇನ್ನೊಂದು ಕೈ ಮೈಕಿನ ತಂತಿಗಾಗಿ ಟೇಬಲಿನ ಕೆಳಗೆ ತಡಕಾಡುತ್ತಿತ್ತು. ಜನ ಸುಮ್ಮನಿರುವುದನ್ನು ಎಲ್ಲಾದರೂ ನೋಡಿದ್ದೀಯಾ ಎಂದವನು ಜನರ ಬಾಯಿ ಮುಚ್ಚಿಸಲು ಕೂತಲ್ಲೇ ಕುಣಿಯುತ್ತಿದ್ದ. ಎಲ್ಲರೂ ಕಕ್ಕಾಬಿಕ್ಕಿಯಾಗಿ ಸುಮ್ಮನಾದರು.

ಆ ಮೌನ ಅಕ್ಕನಿಗೆ ಕೇಳಿಸುವಂಥದ್ದಲ್ಲ. ಅವನ ಕುಣಿತ ಕಾಣಿಸಿತು, ಅಷ್ಟೇ.

"ಏನಂದೆಯೋ?" ಎಂದಳು.

ಪರದೆ ಅಲ್ಲಾಡಿತು. ತಮ್ಮನ ವಾಕ್ಯ ದಪ್ಪ ಅಕ್ಷರದಲ್ಲಿ, ಒತ್ತು ಕೊಂಬು ಒಂದೂ ತಪ್ಪದೆ, ಇಡಿಯಾಗಿ ಬಂದು ನಿಂತಿತು.

ಅಕ್ಕ ಅದನ್ನು ನಿಧಾನವಾಗಿ ಓದಿದಳು. ಇನ್ನೊಮ್ಮೆ ಓದಿದಳು. "ಒಪ್ಪಿರೋದಾ? ಏನನ್ನ? ಕಾಫಿ ಕುಡಿಯೋದನ್ನಾ?" ಎಂದು ಸುತ್ತಲೂ ನೋಡಿದಳು. ಮುಂದಿನ ಸಾಲಿನ ಹೆಂಗಸು ತಡೆಯಲಾರದೆ ಕಿಸಕ್ಕೆಂದಳು. ನಗು ಸ್ಟೂಲಿನಿಂದ ಸ್ಟೂಲಿಗೆ ಹರಿಯಿತು. ಯಜಮಾನ ನಗಲಿಲ್ಲ. ಎದ್ದು ಟೇಬಲ್ ಸುತ್ತಿಕೊಂಡು ಬಂದು ಅವಳ ಎದುರಿಗೆ ನಿಂತ. ಮೊದಲು ಟೇಬಲನ್ನು, ಆಮೇಲೆ ಗುಂಡಿಯ ಮೂಲೆಯನ್ನು ತೋರಿಸಿ, ತುಟಿ ಬಿಡಿಸಿ ಬಿಡಿಸಿ ಹೇಳಿದ: "ನಾನು ಕೇಳಿದ್ದು, ಇದನ್ನ ಬಿಟ್ಟು, ಅಲ್ಲಿಗೆ ಬರ್ತೀರಾ ಅಂತ."

"ಇಲ್ಲ," ಎಂದಳು ಅಕ್ಕ.

"ಮತ್ತೆ ಹೂಂ ಅಂದ್ರಲ್ಲ?"

"ಹೂಂ ಅಂದಿದ್ದು ಕಾಫಿಗೆ. ಅದಿನ್ನೂ ಬಂದಿಲ್ಲ."

ಯಜಮಾನ ತಲೆ ಕೆರೆದುಕೊಂಡ. "ಕರೆಂಟ್ ಕತ್ತರಿ ಓಡ್ತಿರುವಾಗ ಹಿಂದಿನಿಂದ ಯಾರಾದ್ರೂ ಕರೆದ್ರೆ ಏನು ಮಾಡ್ತೀರಿ ಮಾಸ್ಟರಮ್ಮ? ನನಗೆ ಅದೊಂದೇ ದಿಗಿಲು."

"ಕತ್ತರಿ ಓಡ್ತಿರುವಾಗ ಹಿಂದಿನಿಂದ ಯಾಕಪ್ಪ ಕರೀಬೇಕು? ಕಿವಿ ಇರೋರನ್ನೂ ಹಾಗೆ ಕರೀಬಾರದು. ಈಗ ಬಂದ್ಯಲ್ಲ, ಕರೆಯೋರು ಹೀಗೇ ಎದುರಿಗೆ ಬಂದು ನಿಲ್ಲಲಿ. ನಿಮ್ಮಪ್ಪ ಹೀಗೇ ಬರ್ತಿದ್ರು."

ಯಜಮಾನ ಹೆಂಗಸರ ಕಡೆ ತಿರುಗಿ, ಇನ್ನು ಮುಂದೆ ಈ ಟೇಬಲಿಗೆ ಬರುವವರು ಎದುರಿನಿಂದಲೇ ಬರಬೇಕು, ಬೆನ್ನ ಹಿಂದಿನಿಂದ ಕೂಗಿದವರಿಗೆ ಕೆಲಸವಿಲ್ಲ ಎಂದ. "ಹೋಗ್ರಿ, ಮಿಷಿನ್ ಹಾಕಿ," ಎಂದು, ಕಾಫಿ ತರಿಸಲು ತಾನೇ ಹೊರಗೆ ಹೊರಟ.

ಸ್ಟೂಲುಗಳು ಸರಿದವು. ಹೋಗುತ್ತಾ ಹೋಗುತ್ತಾ ಹೆಂಗಸರು ತಮ್ಮನನ್ನು ಮೇಲಿಂದ ಕೆಳಗೆ ನೋಡಿ ಹೋದರು. ಅವನು ಇನ್ನೂ ಕೂತೇ ಇದ್ದ. ಯಾರಿಗೂ ಅಲ್ಲದಂತೆ, "ಆದ್ರೂ ಒಂದಕ್ಷರವೂ ಕಳೆದಿಲ್ಲ, ನೀವೇ ನೋಡಿದ್ರಲ್ಲ," ಎಂದ.

ಅಕ್ಕ ಪರದೆಯ ಕಡೆ ನೋಡಲಿಲ್ಲ. ಅವನ ಬಾಯಿಯ ಕಡೆಗೂ ನೋಡಲಿಲ್ಲ. ಬಟ್ಟೆಯ ಸುರುಳಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಬಂದು ಟೇಬಲಿನ ತುದಿಯಲ್ಲಿ ನಿಂತಳು.

"ಅದನ್ನ ಎತ್ಕೋ," ಎಂದಳು. "ಬಟ್ಟೆ ಹಾಸ್ಬೇಕು."

ಅವನು ಯಂತ್ರವನ್ನೂ ತಂತಿಯನ್ನೂ ಎದೆಗವಚಿಕೊಂಡು ಎದ್ದ. ಅಕ್ಕ ಸುರುಳಿಯನ್ನು ಒಮ್ಮೆ ಕೊಡವಿ ಬಿಟ್ಟಳು. ಬಟ್ಟೆ ಟೇಬಲಿನ ಆ ತುದಿಯವರೆಗೂ ಉರುಳುತ್ತಾ ಹೋಯಿತು. ಅವಳು ಅದರ ಮೇಲೆ ಬಾಗಿ, ಸುಕ್ಕುಗಳನ್ನು ಅಂಗೈಯಿಂದ ಸವರತೊಡಗಿದಳು.